ಆಫ್-ಗ್ರಿಡ್ ಸೌರ ವಿದ್ಯುತ್ ವ್ಯವಸ್ಥೆ

ಆಫ್-ಗ್ರಿಡ್ ಸೌರ ವಿದ್ಯುತ್ ವ್ಯವಸ್ಥೆ ಎಂದರೆ ಸಾರ್ವಜನಿಕ ವಿದ್ಯುತ್ ಜಾಲದ ಸಂಪರ್ಕವಿಲ್ಲದೆ, ಸೌರ ಫಲಕಗಳಿಂದ ದೊರೆಯುವ ವಿದ್ಯುತ್ತನ್ನು ಬ್ಯಾಟರಿಯಲ್ಲಿ ಸಂಗ್ರಹಿಸಿ ಬಳಸುವ ವ್ಯವಸ್ಥೆ. ಸೌರ ಫಲಕ, ಚಾರ್ಜ್ ನಿಯಂತ್ರಕ, ಬ್ಯಾಟರಿ ಮತ್ತು ಇನ್ವರ್ಟರ್ ಇದರ ಮುಖ್ಯ ಭಾಗಗಳು. ಕೊರತೆಯಾದಾಗ ಜಾಲದಿಂದ ವಿದ್ಯುತ್ ಪಡೆಯಲು ಸಾಧ್ಯವಿಲ್ಲದ ಕಾರಣ, ಇದನ್ನು ವರ್ಷದ ಸರಾಸರಿ ಬಿಸಿಲಿಗೆ ಬದಲಾಗಿ ಅತಿ ಕಡಿಮೆ ಬಿಸಿಲಿರುವ ತಿಂಗಳಿಗೆ ಹೊಂದುವಂತೆ ಯೋಜಿಸಬೇಕಾಗುತ್ತದೆ.

ಬಳಕೆಯ ಲೆಕ್ಕ

ಯೋಜನೆಯ ಮೊದಲ ಹಂತ ದಿನದ ಬಳಕೆಯನ್ನು ವ್ಯಾಟ್-ಗಂಟೆಗಳಲ್ಲಿ ಅಂದಾಜಿಸುವುದು. 1000 ವ್ಯಾಟ್-ಗಂಟೆಗೆ 1 ಯೂನಿಟ್. ಮಲೆನಾಡಿನ ಒಂಟಿ ಮನೆಯೊಂದರ ಮಾದರಿ ಲೆಕ್ಕ ಹೀಗಿರಬಹುದು:

- 9 ವ್ಯಾಟ್‌ನ 6 ಎಲ್‌ಇಡಿ ದೀಪಗಳು, 5 ಗಂಟೆ: 270
- 28 ವ್ಯಾಟ್‌ನ 3 ಫ್ಯಾನ್‌ಗಳು, 8 ಗಂಟೆ: 672
- ಫ್ರಿಜ್: 1000
- 60 ವ್ಯಾಟ್‌ನ ಟಿವಿ, 3 ಗಂಟೆ: 180
- 10 ವ್ಯಾಟ್‌ನ ಇಂಟರ್ನೆಟ್ ರೌಟರ್, 24 ಗಂಟೆ: 240
- 750 ವ್ಯಾಟ್‌ನ ಮಿಕ್ಸಿ, 10 ನಿಮಿಷ: 125

ಒಟ್ಟು 2487, ಅಂದರೆ ಸುಮಾರು 2500 ವ್ಯಾಟ್-ಗಂಟೆ.

ಫಲಕಗಳ ಸಾಮರ್ಥ್ಯ

ಬಿಸಿಲಿನ ಪ್ರಮಾಣವನ್ನು ‘ಪೂರ್ಣ ಬಿಸಿಲಿನ ಗಂಟೆ’ಗಳಲ್ಲಿ ಅಳೆಯುತ್ತಾರೆ. ಒಂದು ಚದರ ಮೀಟರ್‌ಗೆ 1000 ವ್ಯಾಟ್ ತೀವ್ರತೆಯ ಬಿಸಿಲು ಒಂದು ಗಂಟೆ ಬಿದ್ದರೆ ಅದು ಒಂದು ಪೂರ್ಣ ಗಂಟೆ. ಶಾಖ, ಧೂಳು, ತಂತಿ ಮತ್ತು ಉಪಕರಣಗಳಲ್ಲಿ ಕಾಲುಭಾಗ ನಷ್ಟವಾಗುವುದೆಂದು ಭಾವಿಸಿದರೆ, ದಿನಕ್ಕೆ 5 ಪೂರ್ಣ ಗಂಟೆ ಸಿಗುವ ಬೇಸಿಗೆಯಲ್ಲಿ ಮೇಲಿನ ಮನೆಗೆ ಸುಮಾರು 670 ವ್ಯಾಟ್ ಫಲಕ ಸಾಕು. ಮಳೆಗಾಲದಲ್ಲಿ ಅದು 2.5 ಗಂಟೆಗೆ ಇಳಿದರೆ 1330 ವ್ಯಾಟ್ ಬೇಕು. ಬೇಸಿಗೆಯ ಲೆಕ್ಕದಂತೆ ಕಟ್ಟಿದ ವ್ಯವಸ್ಥೆ ಆಷಾಢದಲ್ಲಿ ಕೈಕೊಡುವುದು ಈ ಕಾರಣದಿಂದಲೇ. ಕರ್ನಾಟಕದಲ್ಲಿ ಫಲಕಗಳನ್ನು ದಕ್ಷಿಣಕ್ಕೆ ಓರೆಯಾಗಿ, ಮರಗಳ ನೆರಳು ಬೀಳದಂತೆ ಅಳವಡಿಸುತ್ತಾರೆ.

ಲಿಥಿಯಂ ಬ್ಯಾಟರಿ

ಮನೆಬಳಕೆಗೆ ಲಿಥಿಯಂ ಕಬ್ಬಿಣದ ಫಾಸ್ಫೇಟ್ ಬ್ಯಾಟರಿಗಳು ಹೆಚ್ಚು ಪ್ರಚಲಿತ. ಈ ಧನಾಗ್ರ ವಸ್ತುವಿನ ಕುರಿತು ಜಾನ್ ಗುಡೆನಫ್ ಅವರ ತಂಡ 1997ರಲ್ಲಿ ಪ್ರಬಂಧ ಪ್ರಕಟಿಸಿತು. ಸೀಸ-ಆಮ್ಲ ಬ್ಯಾಟರಿಯನ್ನು ಸಾಮಾನ್ಯವಾಗಿ ಅರ್ಧದಷ್ಟು ಮಾತ್ರ ಬರಿದು ಮಾಡುತ್ತಾರೆ, ಇದನ್ನು ಶೇ. 80ರವರೆಗೆ ಬಳಸಬಹುದು. ಎರಡು ದಿನಗಳ ಸಂಗ್ರಹಕ್ಕೆ, ಇನ್ವರ್ಟರ್‌ನ ಶೇ. 10 ನಷ್ಟವನ್ನೂ ಸೇರಿಸಿದರೆ, ಸುಮಾರು 6950 ವ್ಯಾಟ್-ಗಂಟೆ ಸಾಮರ್ಥ್ಯ ಬೇಕು. ತಲಾ 3.2 ವೋಲ್ಟ್‌ನ 16 ಕೋಶಗಳನ್ನು ಸರಣಿಯಲ್ಲಿ ಜೋಡಿಸಿದ 51.2 ವೋಲ್ಟ್, 150 ಆಂಪಿಯರ್-ಗಂಟೆಯ ಬ್ಯಾಟರಿ ಇದಕ್ಕೆ ಸಾಕಾಗುತ್ತದೆ. ಇದಕ್ಕಿಂತ ಹೆಚ್ಚು ದಿನ ಮೋಡ ಕವಿದರೆ ಬಳಕೆಯನ್ನು ತಗ್ಗಿಸಬೇಕು ಅಥವಾ ಜನರೇಟರ್ ಬಳಸಬೇಕು.

ಕೋಶಗಳು ಮಿತಿಮೀರಿ ತುಂಬದಂತೆ, ಬರಿದಾಗದಂತೆ ಬ್ಯಾಟರಿ ನಿರ್ವಹಣಾ ಮಂಡಲವು ಕಾಯುತ್ತದೆ. ಉಷ್ಣತೆ 0 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿರುವಾಗ ಚಾರ್ಜ್ ಮಾಡಿದರೆ ಕೋಶಗಳಿಗೆ ಹಾನಿಯಾಗುವುದರಿಂದ ಲಡಾಖ್‌ನಂತಹ ಪ್ರದೇಶಗಳಲ್ಲಿ ಬ್ಯಾಟರಿಯನ್ನು ಬೆಚ್ಚಗಿಡುವ ವ್ಯವಸ್ಥೆ ಅಗತ್ಯ.

ಇನ್ವರ್ಟರ್ ಮತ್ತು ಸುರಕ್ಷತೆ

ಇನ್ವರ್ಟರ್ ಏಕಕಾಲದಲ್ಲಿ ನಡೆಯುವ ಎಲ್ಲ ಉಪಕರಣಗಳ ಹೊರೆಯನ್ನೂ, ಫ್ರಿಜ್ ಅಥವಾ ಪಂಪಿನ ಮೋಟಾರು ಆರಂಭವಾಗುವಾಗ ಸೆಳೆಯುವ ಹೆಚ್ಚುವರಿ ವಿದ್ಯುತ್ತನ್ನೂ ತಾಳಬೇಕು. 1500 ವ್ಯಾಟ್ ಹೊರೆಗೆ 12 ವೋಲ್ಟ್ ಬ್ಯಾಟರಿಯಿಂದ 125 ಆಂಪಿಯರ್ ಹರಿದರೆ, 48 ವೋಲ್ಟ್‌ನಲ್ಲಿ ಸುಮಾರು 31 ಆಂಪಿಯರ್ ಮಾತ್ರ ಹರಿಯುತ್ತದೆ. ಹೀಗಾಗಿ ತೆಳುವಾದ ತಂತಿ ಸಾಕು, ನಷ್ಟವೂ ಕಡಿಮೆ.

ನೇರ ವಿದ್ಯುತ್ತಿನ ಕಿಡಿ ತಾನಾಗಿ ಆರುವುದು ಕಷ್ಟ. ಆದ್ದರಿಂದ ಪರ್ಯಾಯ ವಿದ್ಯುತ್ತಿನ ಸಾಮಾನ್ಯ ಸ್ವಿಚ್‌ಗಳನ್ನು ಬಳಸದೆ, ಡಿಸಿಗೆಂದೇ ತಯಾರಾದ ಬ್ರೇಕರ್‌ಗಳನ್ನೂ ಬ್ಯಾಟರಿಯ ಸಮೀಪದಲ್ಲೇ ಫ್ಯೂಸನ್ನೂ ಅಳವಡಿಸಬೇಕು. ಭೂಸಂಪರ್ಕ ಮತ್ತು ಸಿಡಿಲಿನಿಂದ ರಕ್ಷಿಸುವ ಸಾಧನಗಳೂ ಅವಶ್ಯಕ.