ಕಂಬಳಿ ಹೊದಿಸಿದರೆ ಪಿಯಾನೊ ಸುಮ್ಮನಾದೀತೆ?

ಅಪಾರ್ಟ್‌ಮೆಂಟಿನಲ್ಲಿ ಪಿಯಾನೊ ಇಟ್ಟುಕೊಂಡವರಿಗೆ ಪಕ್ಕದ ಮನೆಯಿಂದ ದೂರು ಬಂತೆಂದರೆ ಮೊದಲು ನೆನಪಾಗುವುದು ಕಂಬಳಿ. ಮುಚ್ಚಳ ಹಾಕಿ ಮೇಲೊಂದು ದಪ್ಪನೆಯದನ್ನು ಹೊದಿಸಿದರೆ ಸದ್ದಡಗಿತು ಎಂಬ ನಂಬಿಕೆ. ನುಡಿಸುವವರ ಕಿವಿಗೆ ಹಾಗೆ ಅನ್ನಿಸುವುದೂ ನಿಜ. ದೂರು ಕೊಟ್ಟವರಿಗೆ ಮಾತ್ರ ಹೆಚ್ಚೇನೂ ವ್ಯತ್ಯಾಸವಾಗಿರುವುದಿಲ್ಲ.

ತಂತಿ ತೀರಾ ತೆಳು. ಅದೊಂದೇ ಕಂಪಿಸಿದರೆ ಕೋಣೆ ತುಂಬುವ ಸದ್ದು ಹುಟ್ಟದು. ವೀಣೆಯಲ್ಲಿ ಕುದುರೆಯ ಮೂಲಕ ಇಳಿಯುವಂತೆ, ಆ ಕಂಪನ ಇಲ್ಲೂ ಮರದ ಪಟ್ಟಿಯೊಂದರ ಮೂಲಕ ಸೌಂಡ್‌ಬೋರ್ಡ್ ಎಂಬ ಅಗಲವಾದ ಹಲಗೆಗೆ ದಾಟುತ್ತದೆ. ನಮಗೆ ಕೇಳುವುದು ಬಹುಮಟ್ಟಿಗೆ ಆ ಹಲಗೆಯ ದನಿ. ಅಪ್‌ರೈಟ್ ಪಿಯಾನೊದಲ್ಲಿ ಅದಿರುವುದು ಬೆನ್ನಿಗೆ. ಆ ಬೆನ್ನನ್ನೇ ನಾವು ಪಕ್ಕದ ಮನೆಯ ಗೋಡೆಗೆ ಒತ್ತಿ ನಿಲ್ಲಿಸಿರುತ್ತೇವೆ! ಪಿಯಾನೊವನ್ನು ನಮ್ಮದೇ ಮನೆಯ ಒಳಗೋಡೆಗೆ ಸರಿಸಿ, ನಡುವೆ ಗೇಣಗಲ ಜಾಗ ಬಿಟ್ಟು, ಅದೇ ಕಂಬಳಿಯನ್ನು ಹಿಂದೆ ಇಳಿಬಿಟ್ಟರೆ ಹೆಚ್ಚು ಉಪಯೋಗ. ಒಳಗೆ ಮಾತ್ರ ಬಟ್ಟೆ ತುರುಕಬೇಡಿ: ಸುತ್ತಿಗೆಗಳಿಗೆ ಅಡ್ಡಿ, ಮಳೆಗಾಲದಲ್ಲಿ ತೇವ, ಇಲಿಗಳಿಗೆ ಸಿದ್ಧ ಹಾಸಿಗೆ.

ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸುವುದು ಇನ್ನೊಂದು ಹಳೆಯ ಹುಚ್ಚು. ತೂಕವಿಲ್ಲದ ವಸ್ತು ಸದ್ದನ್ನು ತಡೆಯದು. ಫೋಮ್ ಕೂಡ ಕೋಣೆಯೊಳಗಿನ ಮಾರ್ದನಿಯನ್ನಷ್ಟೇ ತಗ್ಗಿಸುತ್ತದೆ. ಬಾಗಿಲ ಕೆಳಗಿನ ಸಂದಿ ಮುಚ್ಚುವುದು ಇದಕ್ಕಿಂತ ಅಗ್ಗ, ಇದಕ್ಕಿಂತ ಮೇಲು.

ಎಡಗಡೆಯ ಪೆಡಲ್ ಒತ್ತಿದರೆ ಸಾಕು ಎನ್ನುವವರೂ ಇದ್ದಾರೆ. ಅಪ್‌ರೈಟಿನಲ್ಲಿ ಅದು ಸುತ್ತಿಗೆಗಳನ್ನು ತಂತಿಯ ಹತ್ತಿರಕ್ಕೆ ತರುತ್ತದೆ. ಪೆಟ್ಟು ತುಸು ಮೆತ್ತಗಾಗುತ್ತದೆ, ಕೀಗಳು ಸಡಿಲವಾದಂತೆ ಅನ್ನಿಸುತ್ತದೆ. ನಿಜವಾಗಿ ಕೆಲಸ ಮಾಡುವುದು, ಅನೇಕ ಅಪ್‌ರೈಟ್‌ಗಳಲ್ಲಿ, ನಡುವಿನ ಪೆಡಲ್. ಒತ್ತಿ ಪಕ್ಕಕ್ಕೆ ಸರಿಸಿದರೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಒಳಗೆ ತೆಳುವಾದ ಫೆಲ್ಟ್ ಪಟ್ಟಿಯೊಂದು ಸುತ್ತಿಗೆಗೂ ತಂತಿಗೂ ಮಧ್ಯೆ ಇಳಿಯುತ್ತದೆ. ಉಪಾಯವೇನೂ ಹೊಸದಲ್ಲ, 18ನೇ ಶತಮಾನದ ವಿಯೆನ್ನಾದ ಪಿಯಾನೊಗಳಲ್ಲೂ ಇಂಥ ಬಟ್ಟೆಯ ಪಟ್ಟಿ ಇತ್ತು. ಗ್ರ್ಯಾಂಡ್ ಪಿಯಾನೊದ ನಡುವಿನ ಪೆಡಲ್ ಬೇರೆಯೇ ಸಂಗತಿ. ಅದು ಆಗ ಒತ್ತಿರುವ ಸ್ವರಗಳನ್ನಷ್ಟೇ ಹಿಡಿದಿಡುತ್ತದೆ. ಫೆಲ್ಟಿನದು ಒಂದೇ ತಕರಾರು: ಎಲ್ಲವನ್ನೂ ಒಂದೇ ಮಂಕಿಗೆ ಇಳಿಸಿ ಬೆರಳುಗಳ ಏರುಪೇರನ್ನು ಮುಚ್ಚಿಬಿಡುತ್ತದೆ. ಸ್ಕೇಲ್ಸ್‌ಗೆ, ಪಾಠ ಬಾಯಿಪಾಠ ಮಾಡಿಕೊಳ್ಳಲು ಅದು ಸಾಕು. ಪರೀಕ್ಷೆಗೆ ಕೂರುವ ಮಕ್ಕಳು ಅದರಲ್ಲೇ ತಯಾರಾದರೆ ಕಷ್ಟ.

ಹೆಡ್‌ಫೋನ್ ಹಾಕಿ ನುಡಿಸುವ ಸೈಲೆಂಟ್ ಪಿಯಾನೊ ಪೂರ್ತಿ ಮೌನ ಎಂಬುದೂ ಅರ್ಧಸತ್ಯವೇ. ಯಮಹಾ 1993ರಲ್ಲಿ ಮಾರುಕಟ್ಟೆಗೆ ತಂದ ಈ ಬಗೆಯಲ್ಲಿ ಅಡ್ಡಪಟ್ಟಿಯೊಂದು ಸುತ್ತಿಗೆಯನ್ನು ತಂತಿ ಮುಟ್ಟುವ ಮೊದಲೇ ತಡೆಯುತ್ತದೆ. ಕೀಗಳ ಚಲನೆಯನ್ನು ಸೆನ್ಸರ್‌ಗಳು ಓದುತ್ತವೆ. ತಂತಿ ಸುಮ್ಮನಿರುತ್ತದೆ, ಕೀಗಳು ತಳ ಮುಟ್ಟುವ ಟಪಟಪ ಸುಮ್ಮನಿರದು. ಕೆಳಮನೆಯವರಿಗೆ ಕೇಳುವುದು ಆ ಟಪಟಪ, ಪೆಡಲಿನ ಗುದ್ದು. ಇವು ನೆಲದಲ್ಲೇ ಸಾಗುವ ಸದ್ದುಗಳು. ಪಿಯಾನೊ ಕಾಲುಗಳಡಿ ದಪ್ಪ ರಬ್ಬರ್ ಬಟ್ಟಲುಗಳು, ಕೆಳಗೆ ಜಮಖಾನ ಇದ್ದರೆ ಎಷ್ಟೋ ಮೇಲು.

ರಾತ್ರಿ ಹತ್ತರವರೆಗೆ ಎಷ್ಟು ಜೋರಾದರೂ ನುಡಿಸಬಹುದು ಎಂಬ ಧೈರ್ಯವೂ ಬೇಡ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ರಾತ್ರಿ 45 ಡೆಸಿಬಲ್ ಎಂದಿರುವಂತೆ ಹಗಲಿಗೂ 55ರ ಮಿತಿ ಹಾಕಿವೆ. ಫೆಲ್ಟ್ ಎತ್ತಿ ಪೂರ್ತಿ ದನಿಯಲ್ಲಿ ನುಡಿಸುವ ಅರ್ಧ ಗಂಟೆ ಯಾವಾಗ ಎಂಬುದನ್ನು ಪಕ್ಕದ ಮನೆಯವರನ್ನೇ ಕೇಳಿ ಗೊತ್ತುಮಾಡಿಕೊಳ್ಳಿ.