ಬದಾಮ್ ಸತ್ತಿ ಯಾರ ಕೈಯಲ್ಲಿದೆ?

ಎಲೆ ಹಂಚಿ ಮುಗಿಯುತ್ತಿದ್ದಂತೆ ಬೀದರ್ ಕಡೆಯ ಮನೆಗಳಲ್ಲಿ ಕೇಳುವ ಮೊದಲ ಮಾತು: “ಬದಾಮ್ ಸತ್ತಿ ಯಾರ್ ಹತ್ರ ಅದ?” ಯಾರ ಕೈಯಲ್ಲಿದೆಯೋ ಅವರು ಆ ಎಲೆಯನ್ನು ಚಾಪೆಯ ನಡುವೆ ಇಡಬೇಕು. ಆಟ ಶುರುವಾಯಿತು. ಆಟದ ಹೆಸರೂ ಬದಾಮ್ ಸತ್ತಿಯೇ. ಹಳೆ ಮೈಸೂರಿನವರು ಆಟೀನು ಎನ್ನುವುದು ಇಲ್ಲಿ ಬದಾಮ್, ಸತ್ತಿ ಎಂದರೆ ಏಳು. ಉಳಿದ ಮೂರು ಬಣ್ಣಗಳು ಚೌಕಟ್, ಕಿಲವರ್ ಮತ್ತು ಇಸ್ಪೀಟ್. ಬೀದರ್ ನಗರದ ಮೈಲೂರಿನಂಥ ಬಡಾವಣೆಗಳಲ್ಲಿ ಭಾಲ್ಕಿ, ಔರಾದ್ ಕಡೆಯಿಂದ ಬಂದು ಮನೆ ಕಟ್ಟಿದವರು ಬಹಳ. ಮಾತಿನಲ್ಲಿ ಕನ್ನಡ, ಮರಾಠಿ, ದಖನಿ ಮೂರೂ ಬೆರೆತಿರುವ ಈ ಸೀಮೆಯಲ್ಲಿ ಇಸ್ಪೀಟಿನ ಆಟಗಳೂ ಗಡಿಯ ಆಚೆ ಈಚೆ ಓಡಾಡಿಕೊಂಡೇ ಬೆಳೆದಿವೆ. ಬೇಸಿಗೆ ರಜೆಯಲ್ಲಿ, ಶಿವರಾತ್ರಿಯ ಜಾಗರಣೆಯಲ್ಲಿ, ಮದುವೆಗೆ ಬಂದ ಬೀಗರು ಉಳಿದುಕೊಂಡ ರಾತ್ರಿಯಲ್ಲಿ ಹೊರಬರುವ ಈ ಆಟಗಳಿಗೆ ಒಂದು ಕಟ್ಟು ಎಲೆ, ಕೂರಲು ಒಂದು ಚಾಪೆ ಇದ್ದರೆ ಸಾಕು.

ಬದಾಮ್ ಸತ್ತಿಯನ್ನು ಕಲಿಸಲು ಐದು ನಿಮಿಷ ಬೇಕು. 52 ಎಲೆಗಳನ್ನೂ ಪೂರ್ತಿ ಹಂಚಿಬಿಡಬೇಕು. ನಾಲ್ವರಿದ್ದರೆ ಒಬ್ಬೊಬ್ಬರಿಗೆ 13. ಐವರಿದ್ದರೆ ಇಬ್ಬರಿಗೆ ಒಂದೊಂದು ಎಲೆ ಹೆಚ್ಚು ಬರುತ್ತದೆ, ಅದರಿಂದ ತೊಂದರೆಯಿಲ್ಲ. ಬದಾಮಿನ ಏಳು ಬಿದ್ದ ಮೇಲೆ ಮುಂದಿನವರು ಅದರ ಒಂದು ಬದಿಗೆ ಆರು, ಇನ್ನೊಂದು ಬದಿಗೆ ಎಂಟು ಸೇರಿಸಬಹುದು, ಇಲ್ಲವೇ ಬೇರೆ ಬಣ್ಣದ ಏಳನ್ನು ಇಟ್ಟು ಹೊಸ ಸಾಲು ತೆರೆಯಬಹುದು. ಎಂಟರಿಂದ ಮೇಲಕ್ಕೆ ರಾಜನವರೆಗೆ, ಆರರಿಂದ ಕೆಳಕ್ಕೆ ಎಕ್ಕದವರೆಗೆ ಸಾಲು ಬೆಳೆಯುತ್ತದೆ. ಹಾಕಲು ಎಲೆಯಿಲ್ಲದಿದ್ದರೆ ಪಾಸ್. ಎಲೆ ಇದ್ದೂ ಪಾಸ್ ಅನ್ನುವಂತಿಲ್ಲ. ಯಾರ ಕೈ ಮೊದಲು ಬರಿದಾಗುತ್ತದೋ ಅವರು ಗೆದ್ದರು. ಉಳಿದವರು ತಮ್ಮ ಕೈಯಲ್ಲಿರುವುದನ್ನು ಎಣಿಸಿ ಅಂಕ ಬರೆಸಬೇಕು: ಎಕ್ಕಕ್ಕೆ 1, ಗುಲಾಮನಿಗೆ 11, ರಾಣಿಗೆ 12, ರಾಜನಿಗೆ 13. ಕಡಿಮೆ ಅಂಕದವರೇ ಮೇಲು.

ನಿಯಮ ಇಷ್ಟೇ ಆದರೂ ಆಟ ಇಷ್ಟಕ್ಕೇ ಮುಗಿಯುವುದಿಲ್ಲ. ಮೈಲೂರಿನ ಒಂದು ಮನೆಯಲ್ಲಿ ನೋಡಿದ ಆಟವನ್ನೇ ತೆಗೆದುಕೊಳ್ಳಿ. ಕಿಲವರ್ ಸಾಲು ಇನ್ನೂ ತೆರೆದಿರಲಿಲ್ಲ. ನಾಲ್ಕನೇ ತರಗತಿಯ ಮೊಮ್ಮಗಳ ಕೈಯಲ್ಲಿ ಕಿಲವರ್ ಎಲೆಗಳೇ ತುಂಬಿದ್ದವು. ಎರಡು ಸಲ ಪಾಸ್ ಹೇಳಿ ಸಾಕಾಗಿತ್ತು. “ಆಯಿ, ಕಿಲವರ್ ಸತ್ತಿ ನೀನೇ ಹಿಡ್ಕೊಂಡ್ ಕುಂತಿ, ಹಾಕು!” ಅಂದಳು. ಆಯಿ ಬದಾಮಿನ ಸಾಲಿಗೆ ಒಂಬತ್ತನ್ನು ಸೇರಿಸಿ, “ನನ್ ಹತ್ರ ಇನ್ನಾ ಬ್ಯಾರೆ ಎಲಿ ಅವ, ಯಾಕ್ ಹಾಕ್ಲಿ?” ಅಂದರು. ಬೇರೆ ಎಲೆ ಇರುವತನಕ ಏಳನ್ನು ತಡೆಹಿಡಿಯುವುದು ಅವರ ಹಕ್ಕು. ಬೇರೆ ದಾರಿ ಮುಚ್ಚಿದ ದಿನ ಹಾಕಲೇಬೇಕು. ಆದರೆ ಅವರ ಕೈಯಲ್ಲೇ ಕಿಲವರ್ ರಾಜ ಇದ್ದಿದ್ದರೆ ಲೆಕ್ಕ ತಿರುಗುತ್ತಿತ್ತು. ಆ ಹದಿಮೂರು ಅಂಕದ ಹೊರೆ ಇಳಿಯಬೇಕಾದರೆ ಸಾಲು ಬೇಗ ತೆರೆದು, ಎಂಟರಿಂದ ರಾಣಿಯವರೆಗೆ ಎಲ್ಲವೂ ಬೀಳಬೇಕು. ಹಾಗಾಗಿ ಎಲೆ ಕೈಗೆ ಬಂದ ಕೂಡಲೇ ನೋಡಬೇಕಾದದ್ದು ಏಳು ಎಷ್ಟಿವೆ ಎಂದು. ಅದಕ್ಕಿಂತ ಮುಖ್ಯವಾಗಿ, ಆ ಏಳರ ಬಣ್ಣದಲ್ಲಿ ರಾಜನೋ ಎಕ್ಕವೋ ನಮ್ಮಲ್ಲೇ ಇದೆಯೇ ಎಂದು. ಇದನ್ನು ಮಗುವಿಗೆ ಯಾರೂ ಹೇಳಿಕೊಡಬೇಕಿಲ್ಲ. ಮೂರನೇ ಆಟದ ಹೊತ್ತಿಗೆ ತಾನಾಗಿಯೇ ಹಿಡಿಯುತ್ತದೆ.

ಇನ್ನೂ ಸಣ್ಣ ಮಕ್ಕಳಿದ್ದರೆ ಗುಲಾಮ್ ಚೋರ್ ಒಳ್ಳೆಯದು. ಕಟ್ಟಿನಿಂದ ಒಬ್ಬ ಗುಲಾಮನನ್ನು ತೆಗೆದಿಟ್ಟು 51 ಎಲೆ ಹಂಚಬೇಕು. ಒಂದೇ ಸಂಖ್ಯೆಯ ಎರಡು ಎಲೆ ಸಿಕ್ಕರೆ ಜೋಡಿ ಮಾಡಿ ಕೆಳಗಿಡುವುದು, ಆಮೇಲೆ ಪಕ್ಕದವರ ಕೈಯಿಂದ ನೋಡದೆ ಒಂದೊಂದು ಎಲೆ ಎಳೆಯುವುದು. ಎಲ್ಲ ಎಲೆಗೂ ಜೋಡಿ ಸಿಗುತ್ತದೆ. ಉಳಿದ ಮೂವರು ಗುಲಾಮರಲ್ಲಿ ಒಬ್ಬನಿಗೆ ಮಾತ್ರ ಸಿಗುವುದಿಲ್ಲ. ಕೊನೆಗೆ ಅವನು ಯಾರ ಕೈಯಲ್ಲಿ ಉಳಿದನೋ ಅವರೇ ಕಳ್ಳ. ಗುಲಾಮ ಬಂದಾಗ ಮುಖದ ಮೇಲೆ ಏನನ್ನೂ ತೋರಿಸದೆ ಕೂರುವುದು ಆರು ವರ್ಷದವರಿಗೆ ಎಷ್ಟು ಕಷ್ಟ ಎಂಬುದನ್ನು ನೋಡಿಯೇ ತಿಳಿಯಬೇಕು.

ದೊಡ್ಡವರಿಗೆ ಹುಚ್ಚು ಹಿಡಿಸುವುದು ಮೆಂಡಿಕೋಟ್. ಮಹಾರಾಷ್ಟ್ರ, ಗುಜರಾತಿನಲ್ಲಿ ಮನೆಮಾತಾದ ಈ ಆಟ ಗಡಿ ಜಿಲ್ಲೆಗಳಿಗೂ ಹೊಸದಲ್ಲ. ನಾಲ್ವರು, ಎರಡು ಜೋಡಿ. ಜೋಡಿದಾರರು ಎದುರುಬದುರು ಕೂರಬೇಕು. ಒಬ್ಬೊಬ್ಬರಿಗೆ 13 ಎಲೆ, ಎಕ್ಕ ಎಲ್ಲಕ್ಕಿಂತ ದೊಡ್ಡದು. ಮೊದಲು ಹಾಕಿದವರ ಬಣ್ಣವನ್ನೇ ಉಳಿದವರು ಹಾಕಬೇಕು, ದೊಡ್ಡ ಎಲೆಯವರು ನಾಲ್ಕನ್ನೂ ಎತ್ತಿಕೊಳ್ಳುತ್ತಾರೆ. ಇದು ಒಂದು ಕೈ. ಇಲ್ಲಿ ಗುರಿ ನಾಲ್ಕು ಹತ್ತುಗಳು. ಅವೇ ಮೆಂಡಿ. ಮೂರು ಮೆಂಡಿ ಸಿಕ್ಕ ಜೋಡಿ ಗೆದ್ದಂತೆ. ಎರಡು–ಎರಡು ಹಂಚಿಹೋದರೆ ಏಳು ಅಥವಾ ಹೆಚ್ಚು ಕೈ ಎತ್ತಿದವರದು ಆಟ. ನಾಲ್ಕೂ ಒಂದೇ ಕಡೆ ಹೋದರೆ ಎದುರಿನವರ ಮೇಲೆ ಕೋಟ್ ಬಿತ್ತು, ಅದನ್ನು ಮುಂದಿನ ರಜೆಯವರೆಗೂ ನೆನಪಿಸುತ್ತಾರೆ. ಹುಕುಂ, ಅಂದರೆ ತುರುಪು, ಆರಿಸುವ ಬಗೆಗಳಲ್ಲಿ ಹೊಸಬರಿಗೆ ಸುಲಭವಾದದ್ದು ಇದು: ಬಂದ ಬಣ್ಣ ಕೈಯಲ್ಲಿಲ್ಲದ ಮೊದಲ ಆಟಗಾರ ಬೇರೆ ಬಣ್ಣದ ಯಾವ ಎಲೆ ಹಾಕುತ್ತಾನೋ ಆ ಬಣ್ಣವೇ ಅಲ್ಲಿಂದ ಮುಂದೆ ಹುಕುಂ. ಜೋಡಿದಾರನ ಕಣ್ಣನ್ನು ನೋಡಬಾರದು, ಕೆಮ್ಮಬಾರದು, ಎಲೆಯನ್ನು ಜೋರಾಗಿ ಬಡಿಯಬಾರದು ಎಂಬ ನಿಯಮಗಳನ್ನು ಎಲ್ಲರೂ ಒಪ್ಪಿಕೊಂಡೇ ಕೂರುತ್ತಾರೆ.

ಮೂವರೇ ಇದ್ದರೆ ಪಾಂಚ್ ತೀನ್ ದೋ. ಏಳರಿಂದ ಎಕ್ಕದವರೆಗಿನ ಎಲೆಗಳಲ್ಲಿ ಎರಡು ಏಳನ್ನು ಬಿಟ್ಟು 30 ಎಲೆ ಇಟ್ಟುಕೊಳ್ಳಬೇಕು. ತಲಾ ಹತ್ತು ಬರುತ್ತದೆ. ಒಬ್ಬರು ಐದು ಕೈ, ಒಬ್ಬರು ಮೂರು, ಒಬ್ಬರು ಎರಡು ಎತ್ತಬೇಕು. ಮುಂದಿನ ಆಟಕ್ಕೆ ಈ ಹೊಣೆ ಅದಲು ಬದಲು. ಮನೆ ತುಂಬ ಜನ ಇದ್ದರೆ ಕತ್ತೆ ಆಟ. ಅದು ಕರ್ನಾಟಕದ ಯಾವ ಮೂಲೆಯವರಿಗೂ ಗೊತ್ತು, ಇಲ್ಲಿ ವಿವರಿಸುವುದಿಲ್ಲ.

ಎಲೆಯಾಟ ನಮ್ಮಲ್ಲಿ ಹೊಸತಲ್ಲ. ಬಾಬರ್ 1527ರಲ್ಲಿ ಸಿಂಧ್‌ನ ಷಾ ಹಸನ್‌ಗೆ ಗಂಜೀಫಾ ಎಲೆಗಳನ್ನು ಕಳಿಸಿದ್ದನ್ನು ತನ್ನ ಆತ್ಮಕಥೆಯಲ್ಲೇ ಬರೆದಿದ್ದಾನೆ. ಮೊಘಲ್ ಗಂಜೀಫಾದಲ್ಲಿ ಎಂಟು ಬಣ್ಣದ 96 ಎಲೆ, ದಶಾವತಾರ ಗಂಜೀಫಾದಲ್ಲಿ ಹತ್ತು ಅವತಾರಗಳಿಗೆ ಹನ್ನೆರಡರಂತೆ 120. ಎಲೆಗಳು ಗುಂಡಗೆ, ಕೈಯಿಂದ ಬರೆದವು. ನಮ್ಮ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಇದರಲ್ಲಿ ಎಲ್ಲರನ್ನೂ ಮೀರಿಸಿದರು. ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಭಾಗದಲ್ಲಿ ವಿವರಿಸಿದ ಅವರ ಛದ ಆಟಗಳಲ್ಲಿ ದೊಡ್ಡ ಕಟ್ಟಿಗೆ 360 ಎಲೆಗಳವರೆಗೆ ಬೇಕಿತ್ತು, ಹದಿನೆಂಟು ಬಣ್ಣಗಳವರೆಗೆ ಇರುತ್ತಿದ್ದವು. ಚಿತ್ರಕಲೆಯಾಗಿ ಅದು ಅಪೂರ್ವ. ಮೈಸೂರು ಗಂಜೀಫಾಕ್ಕೆ ಇಂದು ಭೌಗೋಳಿಕ ಸೂಚಕ (ಜಿಐ) ಮಾನ್ಯತೆಯೂ ಇದೆ. ಅದನ್ನು ನಮ್ಮ ಕಾಲಕ್ಕೆ ತಂದವರಲ್ಲಿ ಗಂಜೀಫಾ ರಘುಪತಿ ಭಟ್ಟರ ಹೆಸರು ಮೊದಲು ಬರುತ್ತದೆ. ಆದರೆ ಆಟವಾಗಿ ಛದ ಅರಮನೆಯ ಹೊರಗೆ ಹರಡಲಿಲ್ಲ. ಉಳಿದು ಬಂದದ್ದು ಅಂಗಡಿಯಲ್ಲಿ ಸಿಗುವ ಅಗ್ಗದ 52 ಎಲೆ ಮತ್ತು ಅಡುಗೆಮನೆಯಿಂದ ಎದ್ದು ಬಂದ ಅತ್ತೆಯೂ ಕೂತು ಆಡಬಲ್ಲ ಆಟ. ಸುಲಭವಾಗಿರುವುದೇ ಇವುಗಳ ದೊಡ್ಡ ಗುಣ ಎಂದು ನಾನು ನಂಬುತ್ತೇನೆ.

ಇಸ್ಪೀಟು ಎಂದರೆ ಮುಖ ಗಂಟಿಕ್ಕುವ ಹಿರಿಯರು ಬಹಳ ಇದ್ದಾರೆ, ಅವರ ಭಯಕ್ಕೆ ಕಾರಣವೂ ಇದೆ. ಅಂದರ್ ಬಾಹರ್, ಮೂರೆಲೆಯಾಟಗಳಲ್ಲಿ ಹೊಲ ಮಾರಿದವರ ಕಥೆ ಪ್ರತಿ ಊರಿನಲ್ಲೂ ಸಿಗುತ್ತದೆ. ಅಂದರ್ ಬಾಹರ್‌ನಲ್ಲಿ ಆಡುವವರ ಬುದ್ಧಿಗೆ ಕೆಲಸವೇ ಇಲ್ಲ. ಎಲೆ ಆ ಕಡೆ ಬಿತ್ತೋ ಈ ಕಡೆ ಬಿತ್ತೋ ಅಷ್ಟೇ. ನೆರೆಯ ಸಿಕಂದರಾಬಾದಿನ ಕ್ಲಬ್ಬೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1967ರಷ್ಟು ಹಿಂದೆಯೇ ಈ ಗೆರೆ ಎಳೆಯಿತು: ಬಿದ್ದ ಎಲೆಗಳನ್ನು ನೆನಪಿಟ್ಟುಕೊಂಡು, ಯಾವುದನ್ನು ಇಟ್ಟುಕೊಳ್ಳಬೇಕು ಯಾವುದನ್ನು ಬಿಡಬೇಕು ಎಂದು ಯೋಚಿಸಬೇಕಾದ ರಮ್ಮಿ ಮುಖ್ಯವಾಗಿ ಜಾಣ್ಮೆಯ ಆಟ ಎಂದಿತು. ಅದಾದ ಮೇಲೆ ಹಣದ ಆಟ ಅಡ್ಡೆಯಿಂದ ಮೊಬೈಲಿಗೆ ಬಂತು, ಮನೆಯೊಳಗೇ ಕೂತು ಸಾಲ ಮಾಡುವವರು ಹೆಚ್ಚಿದರು. 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾಯ್ದೆ ತಂದು ಆನ್‌ಲೈನ್ ಹಣದಾಟಗಳನ್ನು ನಿಷೇಧಿಸಿತು. ಅದು ಆಗಬೇಕಾಗಿದ್ದ ಕೆಲಸ. ಮನೆಯಲ್ಲಿ ಆಡುವಾಗಲೂ ನನ್ನ ಒಂದು ಮಾತು ಗಟ್ಟಿ: ಒಂದು ರೂಪಾಯಿಯನ್ನೂ ಚಾಪೆಯ ಮೇಲೆ ಇಡಬೇಡಿ. ಶೇಂಗಾ ಬೀಜ, ಹುಣಸೆಬೀಜ ಸಾಕು. ಸೋತವರು ಎಲ್ಲರಿಗೂ ಚಹಾ ಮಾಡಿಕೊಡಲಿ.

ಕಲಸುವುದರ ಬಗ್ಗೆಯೂ ಹೇಳಬೇಕು, ಏಕೆಂದರೆ ಬದಾಮ್ ಸತ್ತಿಯ ಕೊನೆಗೆ ಎಲೆಗಳು ನೆಲದ ಮೇಲೆ ಬಣ್ಣಬಣ್ಣವಾಗಿ, ಕ್ರಮವಾಗಿ ಸಾಲುಗಟ್ಟಿರುತ್ತವೆ. ಹಾಗೆಯೇ ಗುಡಿಸಿ ಎತ್ತಿ ಎರಡು ಸಲ ಕಲಸಿ ಹಂಚಿದರೆ ಮುಂದಿನ ಆಟ ಕೆಟ್ಟಿತು. ಒಂದೇ ಬಣ್ಣದ ಎಲೆಗಳು ಗುಂಪಾಗಿಯೇ ಉಳಿದಿರುತ್ತವೆ. ಕಟ್ಟನ್ನು ಎರಡು ಪಾಲು ಮಾಡಿ, ಹೆಬ್ಬೆರಳಿನಿಂದ ಫರ್ರನೆ ಬಿಡುತ್ತಾ ಒಂದರೊಳಗೊಂದು ಸೇರಿಸುವ ರೀತಿಯಲ್ಲಿ 52 ಎಲೆ ಚೆನ್ನಾಗಿ ಬೆರೆಯಲು ಸುಮಾರು ಏಳು ಸಲ ಕಲಸಬೇಕು ಎಂದು ಗಣಿತಜ್ಞರಾದ ಡೇವ್ ಬೇಯರ್ ಮತ್ತು ಪರ್ಸಿ ಡಯಾಕೋನಿಸ್ 1992ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಮಕ್ಕಳ ಕೈ ಸಣ್ಣದು, ಫರ್ರನೆ ಬಿಡಲು ಆಗದು. ಅವರು ಎಲ್ಲ ಎಲೆಗಳನ್ನು ಚಾಪೆಯ ಮೇಲೆ ಬೋರಲು ಹರಡಿ ಎರಡೂ ಕೈಯಿಂದ ಒಂದು ನಿಮಿಷ ತಿರುವಲಿ.

ಬೀದರಿನಿಂದ ಬೆಂಗಳೂರಿಗೆ ರಾತ್ರಿಯಿಡೀ ರೈಲಿನಲ್ಲಿ ಹೋಗುವವರಿಗೂ ಬದಾಮ್ ಸತ್ತಿ ಒಳ್ಳೆಯ ಜೊತೆ. ಸೀಟಿನ ಮೇಲೆ ಟವೆಲ್ ಹಾಸಿದರೆ ನಾಲ್ಕು ಸಾಲು ಎಲೆಗೆ ಜಾಗ ಸಾಕು, ಎದುರಿನ ಅಪರಿಚಿತರನ್ನೂ ಸೇರಿಸಿಕೊಳ್ಳಬಹುದು.

ಈ ಸಲ ರಜೆಗೆ ಮಕ್ಕಳು ಊರಿಗೆ ಬಂದಾಗ ಒಂದು ಹೊಸ ಕಟ್ಟು ತನ್ನಿ. ಜೋಕರ್‌ಗಳನ್ನು ತೆಗೆದಿಟ್ಟು, 52 ಪೂರ್ತಿ ಇವೆಯೇ ಎಂದು ಎಣಿಸುವ ಕೆಲಸವನ್ನು ಎಲ್ಲರಿಗಿಂತ ಸಣ್ಣವರಿಗೆ ಕೊಡಿ. ಊಟವಾದ ಮೇಲೆ ಮೊಬೈಲುಗಳನ್ನು ಒಳಗಿಟ್ಟು, ಅಜ್ಜ ಆಯಿಯನ್ನು ಕರೆದು ಕೂರಿಸಿಕೊಂಡು ಮೊದಲು ಬದಾಮ್ ಸತ್ತಿಯನ್ನೇ ಆಡಿ.