ಕುರ್ಚಿ ಒಂದು, ಹಕ್ಕುದಾರರು ಇಬ್ಬರು

ಬೆಂಗಳೂರಿನ ಲಾಲ್‌ಬಾಗ್‌ಗೆ ನೀವು ಒಮ್ಮೆಯಾದರೂ ಹೋಗಿರುತ್ತೀರಿ. ಬಸವನಗುಡಿಯ ಮಗ್ಗುಲಲ್ಲೇ ಇರುವ, ಚಾಮರಾಜಪೇಟೆಯ ಕುಟುಂಬಗಳು ರಜೆಯ ದಿನ ಮಕ್ಕಳನ್ನು ಕರೆದುಕೊಂಡು ಹೋಗುವ ತೋಟವದು. ಫಲಪುಷ್ಪ ಪ್ರದರ್ಶನ ನಡೆಯುವ ಗಾಜಿನ ಮನೆಯನ್ನೂ ನೋಡಿರುತ್ತೀರಿ. ಆದರೆ ಅದೇ ಗಾಜಿನ ಮನೆಯಲ್ಲಿ ದೇಶದ ಅತಿ ದೊಡ್ಡ ಪಕ್ಷವೊಂದು ಒಡೆಯಲು ಶುರುವಾಯಿತು ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? 1969ರ ಜುಲೈ ತಿಂಗಳಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಅಧಿವೇಶನ ಅಲ್ಲಿ ನಡೆಯಿತು. ಅದಾಗಿ ನಾಲ್ಕೇ ತಿಂಗಳಲ್ಲಿ ಪಕ್ಷ ಎರಡು ಹೋಳಾಯಿತು. ಜಗಳದ ಮೂಲ ಒಂದೇ ಪ್ರಶ್ನೆ: ರಾಷ್ಟ್ರಪತಿ ಸ್ಥಾನಕ್ಕೆ ನಮ್ಮ ಅಭ್ಯರ್ಥಿ ಯಾರು?

ರಾಜಕೀಯದ ಈ ಹಳೆಯ ಕಥೆ ಅಡುಗೆ ಮನೆ, ಮಕ್ಕಳ ಶಾಲೆ ಎಂದು ಓಡಾಡುವ ನಮಗೇಕೆ ಎಂದು ನೀವು ಕೇಳಬಹುದು. ಸ್ವಲ್ಪ ಯೋಚಿಸಿ ನೋಡಿ. ಬಿಸಿಲಲ್ಲಿ ಸಾಲು ನಿಂತು ಮತ ಹಾಕುವವರು ನೀವು. ಆದರೆ ಗೆದ್ದ ಪಕ್ಷದಲ್ಲಿ ಕುರ್ಚಿಯ ಮೇಲೆ ಯಾರು ಕೂರಬೇಕೆಂದು ತೀರ್ಮಾನಿಸುವವರು ಬೇರೆ. ಆ ತೀರ್ಮಾನ ಕೆಟ್ಟರೆ ಕಚೇರಿಯ ಕಡತ ನಿಲ್ಲುತ್ತದೆ, ರೇಷನ್ ಕಾರ್ಡಿನ ಅರ್ಜಿ ನಿಲ್ಲುತ್ತದೆ, ಕೆಲವೊಮ್ಮೆ ಸರಕಾರವೇ ಬೀಳುತ್ತದೆ. ಇಬ್ಬರು ಸಮಬಲರು ಒಂದೇ ಸ್ಥಾನಕ್ಕೆ ಕೈ ಚಾಚಿದಾಗ ಅದನ್ನು ಹೇಗೆ ಬಗೆಹರಿಸಬೇಕು ಎಂಬುದು ದಿಲ್ಲಿಯ ದೊಡ್ಡವರಿಗೆ ಮಾತ್ರ ಸಂಬಂಧಿಸಿದ ಪ್ರಶ್ನೆಯಲ್ಲ.

ನಾಲ್ಕಕ್ಕೆ ಎರಡು

1969ರ ಮೇ 3ರಂದು ರಾಷ್ಟ್ರಪತಿ ಡಾ. ಝಾಕಿರ್ ಹುಸೇನ್ ಅಧಿಕಾರದಲ್ಲಿರುವಾಗಲೇ ನಿಧನರಾದರು. ಈ ದೇಶದ ಮೊದಲ ಮುಸ್ಲಿಂ ರಾಷ್ಟ್ರಪತಿ, ಜಾಮಿಯಾ ಮಿಲ್ಲಿಯಾವನ್ನು ಕಷ್ಟ ಕಾಲದಲ್ಲಿ ಕಟ್ಟಿ ಬೆಳೆಸಿದ ಶಿಕ್ಷಣ ತಜ್ಞ ಅವರು. ಅವರಿಂದ ತೆರವಾದ ಸ್ಥಾನಕ್ಕೆ ಯಾರು ಎಂಬ ವಿಷಯದಲ್ಲಿ ಕಾಂಗ್ರೆಸ್ಸಿನೊಳಗೆ ಎರಡು ಬಣಗಳಾದವು. ಒಂದು ಕಡೆ ಪ್ರಧಾನಿ ಇಂದಿರಾ ಗಾಂಧಿ. ಇನ್ನೊಂದು ಕಡೆ 'ಸಿಂಡಿಕೇಟ್' ಎಂದು ಹೆಸರಾಗಿದ್ದ ಹಿರಿಯ ನಾಯಕರ ಗುಂಪು. ಪಕ್ಷದ ಅಧ್ಯಕ್ಷರಾಗಿದ್ದವರು ನಮ್ಮವರೇ ಆದ ಎಸ್. ನಿಜಲಿಂಗಪ್ಪ.

ಅಧಿವೇಶನದ ದಿನಗಳಲ್ಲೇ, ಜುಲೈ 12ರಂದು, ಪಕ್ಷದ ಸಂಸದೀಯ ಮಂಡಳಿ ಬೆಂಗಳೂರಿನಲ್ಲಿ ಸೇರಿತು. ಸದಸ್ಯರು ಎಂಟು ಮಂದಿ. ಅವರಲ್ಲಿ ಮಹಿಳೆ ಒಬ್ಬರೇ, ಇಂದಿರಾ. ಹಿರಿಯರು ನೀಲಂ ಸಂಜೀವ ರೆಡ್ಡಿಯವರ ಹೆಸರನ್ನು ಮುಂದಿಟ್ಟರು. ಇಂದಿರಾ ಅವರು ದಲಿತ ನಾಯಕ ಜಗಜೀವನ್ ರಾಂ ಅವರ ಹೆಸರನ್ನು ಸೂಚಿಸಿದರು. ಮೊರಾರ್ಜಿ ದೇಸಾಯಿ, ಕಾಮರಾಜ್, ಎಸ್.ಕೆ. ಪಾಟೀಲ್ ಮತ್ತು ವೈ.ಬಿ. ಚವಾಣ್ ರೆಡ್ಡಿಯವರ ಪರ ನಿಂತರು. ಇಂದಿರಾ ಜೊತೆಗೆ ನಿಂತವರು ಫಕ್ರುದ್ದೀನ್ ಅಲಿ ಅಹ್ಮದ್ ಮಾತ್ರ. ಮುಂದೆ 1974ರಲ್ಲಿ ಅವರೇ ರಾಷ್ಟ್ರಪತಿಯಾದರು. ನಿಜಲಿಂಗಪ್ಪನವರೂ ಜಗಜೀವನ್ ರಾಂ ಅವರೂ ಮತ ಹಾಕಲಿಲ್ಲ. ನಾಲ್ಕಕ್ಕೆ ಎರಡು, ರೆಡ್ಡಿಯವರ ಹೆಸರು ಗೆದ್ದಿತು.

ನಿಯಮದ ಪ್ರಕಾರ ಇದರಲ್ಲಿ ತಪ್ಪೇನೂ ಇಲ್ಲ. ಮಂಡಳಿಗೆ ಅಧಿಕಾರವಿತ್ತು, ಬಹುಮತವೂ ಇತ್ತು. ಆದರೂ ಜಗಳ ಮುಗಿಯಲಿಲ್ಲ. ಏಕೆ?

ಕಾರಣ ಎರಡೂ ಕಡೆ ಇದೆ. ಕೋಣೆಯೊಳಗೆ ಆರು ಜನ ಹಾಕಿದ ಮತವನ್ನು ಇಡೀ ಪಕ್ಷದ ಮತವೆಂದು ಹಿರಿಯರು ಭಾವಿಸಿದರು. ದೇಶದ ಪ್ರಧಾನಿಗೆ ಒಪ್ಪಿಗೆಯಿಲ್ಲದ ವ್ಯಕ್ತಿಯನ್ನು ರಾಷ್ಟ್ರಪತಿ ಮಾಡಿದರೆ ಮುಂದೇನಾದೀತು ಎಂಬುದನ್ನು ಕುಳಿತು ಮಾತಾಡಿ ಬಗೆಹರಿಸಿಕೊಳ್ಳಲಿಲ್ಲ. ಇಂದಿರಾ ಅವರಾದರೋ ಸೋತ ಮೇಲೆ ರೆಡ್ಡಿಯವರ ನಾಮಪತ್ರಕ್ಕೆ ತಾವೇ ಸಹಿ ಹಾಕಿದರು. ಆದರೆ ಮತದಾನ ಹತ್ತಿರವಾದಾಗ, ಆತ್ಮಸಾಕ್ಷಿಗೆ ತಕ್ಕಂತೆ ಮತ ಹಾಕಿ ಎಂಬ ಕರೆಯ ಕಡೆ ನಿಂತರು. ಸಹಿ ಒಂದು ಕಡೆ, ಮನಸ್ಸು ಇನ್ನೊಂದು ಕಡೆ. ಇತ್ತ ನಿಜಲಿಂಗಪ್ಪನವರು ಎರಡನೇ ಪ್ರಾಶಸ್ತ್ಯದ ಮತ ಕೇಳಲು ವಿರೋಧ ಪಕ್ಷಗಳಾದ ಜನಸಂಘ ಮತ್ತು ಸ್ವತಂತ್ರ ಪಕ್ಷದ ನಾಯಕರನ್ನು ಭೇಟಿಯಾದರು. ಅವಿಶ್ವಾಸಕ್ಕೆ ಇದೂ ಒಂದು ಕಾರಣವಾಯಿತು.

ಹಂಗಾಮಿ ರಾಷ್ಟ್ರಪತಿಯಾಗಿದ್ದ ವಿ.ವಿ. ಗಿರಿ ಸ್ವತಂತ್ರ ಅಭ್ಯರ್ಥಿಯಾಗಿ ಕಣಕ್ಕಿಳಿದರು. ಆಗಸ್ಟ್ 16ರಂದು ಮತದಾನ ನಡೆಯಿತು. ಮೊದಲ ಎಣಿಕೆಯಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ಸಿ.ಡಿ. ದೇಶಮುಖ್ ಅವರಿಗೆ 1,12,769 ಮೌಲ್ಯದ ಮತಗಳು ಬಂದವು. ಗೆಲ್ಲಲು ಬೇಕಾದ ಅರ್ಧಕ್ಕಿಂತ ಹೆಚ್ಚಿನ ಮತ ಯಾರಿಗೂ ಬರಲಿಲ್ಲ. ಆಗ ನಿಯಮದಂತೆ ಎರಡನೇ ಪ್ರಾಶಸ್ತ್ಯದ ಮತಗಳನ್ನು ಎಣಿಸಲಾಯಿತು. ಕೊನೆಗೆ ಗಿರಿಯವರಿಗೆ 4,20,077, ರೆಡ್ಡಿಯವರಿಗೆ 4,05,427. ಹದಿನೈದು ಸಾವಿರಕ್ಕೂ ಕಡಿಮೆ ಅಂತರ!

ಇಲ್ಲಿ ಒಂದು ಸಂಗತಿಯನ್ನು ನೀವು ಗಮನಿಸಬೇಕು. ಇಷ್ಟು ಹತ್ತಿರದ ಪೈಪೋಟಿ ನಡೆದರೂ ದೇಶ ಒಡೆಯಲಿಲ್ಲ. ತಕರಾರು ಸುಪ್ರೀಂ ಕೋರ್ಟಿಗೆ ಹೋಯಿತು, 1970ರಲ್ಲಿ ಅರ್ಜಿಗಳು ವಜಾಗೊಂಡವು, ಗಿರಿಯವರು ರಾಷ್ಟ್ರಪತಿಯಾಗಿ ಮುಂದುವರಿದರು. ಸೋತ ಸಂಜೀವ ರೆಡ್ಡಿಯವರು 1977ರಲ್ಲಿ ಅವಿರೋಧವಾಗಿ ಅದೇ ಸ್ಥಾನಕ್ಕೆ ಆಯ್ಕೆಯಾದರು. ಆದರೆ ಪಕ್ಷ ಮಾತ್ರ ಉಳಿಯಲಿಲ್ಲ. ನವೆಂಬರ್ 12ರಂದು ಇಂದಿರಾ ಅವರನ್ನು ಉಚ್ಚಾಟಿಸಲಾಯಿತು. 1971ರ ಚುನಾವಣೆಯಲ್ಲಿ ಹಳೆಯ ಜೋಡೆತ್ತಿನ ಗುರುತು ಯಾರಿಗೂ ಇರಲಿಲ್ಲ. ಒಂದು ಬಣಕ್ಕೆ ಹಸು-ಕರು, ಇನ್ನೊಂದಕ್ಕೆ ಚರಕದ ಮುಂದೆ ಕುಳಿತ ಮಹಿಳೆ. ಆಗ ಮೈಸೂರು ಎಂದಿದ್ದ ನಮ್ಮ ರಾಜ್ಯದ 27 ಲೋಕಸಭಾ ಸ್ಥಾನಗಳನ್ನೂ ಇಂದಿರಾ ಬಣ ಗೆದ್ದಿತು. ವೀರೇಂದ್ರ ಪಾಟೀಲರ ಸರಕಾರ ಉರುಳಿ ರಾಷ್ಟ್ರಪತಿ ಆಳ್ವಿಕೆ ಬಂತು. 1972ರ ಮಾರ್ಚ್‌ನಲ್ಲಿ ದೇವರಾಜ ಅರಸು ಮುಖ್ಯಮಂತ್ರಿಯಾಗುವ ತನಕ ರಾಜ್ಯಕ್ಕೆ ಚುನಾಯಿತ ಸರಕಾರವೇ ಇರಲಿಲ್ಲ.

ದೇಶದ ಚುನಾವಣೆಗೆ, ಯಾರಿಗೂ ಬಹುಮತ ಬಾರದಿದ್ದರೆ ಏನು ಮಾಡಬೇಕೆಂಬ ನಿಯಮ ಮೊದಲೇ ಇತ್ತು. ತಕರಾರು ಕೇಳಲು ಎರಡೂ ಕಡೆಗೆ ಸೇರದ ನ್ಯಾಯಾಲಯವಿತ್ತು. ಪಕ್ಷದೊಳಗೆ ಇವೆರಡರ ಬದಲು ಬಹುಮತ ಮಾತ್ರ ಇತ್ತು.

ಗುಟ್ಟಿನ ಪೆಟ್ಟಿಗೆ

ಇದು ಹಿಂದಿನ ಕಾಲದ ಮಾತು, ಈಗ ಹಾಗಿಲ್ಲ ಎನ್ನುವಿರಾ? 2023ರ ಮೇ ತಿಂಗಳನ್ನು ನೆನಪಿಸಿಕೊಳ್ಳಿ. 13ರಂದು ವಿಧಾನಸಭೆಯ ಫಲಿತಾಂಶ ಬಂತು, ಕಾಂಗ್ರೆಸ್ 135 ಸ್ಥಾನ ಗೆದ್ದಿತು. ಮುಖ್ಯಮಂತ್ರಿ ಯಾರು? ಸಿದ್ದರಾಮಯ್ಯನವರೋ ಡಿ.ಕೆ. ಶಿವಕುಮಾರ್ ಅವರೋ? ಮರುದಿನ ಬೆಂಗಳೂರಿನ ಹೋಟೆಲೊಂದರಲ್ಲಿ ಶಾಸಕಾಂಗ ಪಕ್ಷದ ಸಭೆ ಸೇರಿತು. ತೀರ್ಮಾನವನ್ನು ಪಕ್ಷದ ಅಧ್ಯಕ್ಷ ಮಲ್ಲಿಕಾರ್ಜುನ ಖರ್ಗೆಯವರಿಗೆ ಬಿಡುವ ಒಂದು ಸಾಲಿನ ನಿರ್ಣಯ ಆಯಿತು. ದಿಲ್ಲಿಯಿಂದ ಬಂದ ವೀಕ್ಷಕರು ಶಾಸಕರ ಅಭಿಪ್ರಾಯವನ್ನು ಗುಟ್ಟಾಗಿ ಪಡೆದು ಒಯ್ದರು. ಯಾರ ಪರ ಎಷ್ಟು ಮಂದಿ ಎಂಬ ಲೆಕ್ಕವನ್ನು ಪಕ್ಷ ಜನರ ಮುಂದೆ ಇಡಲಿಲ್ಲ. 18ರಂದು ಹೆಸರು ಪ್ರಕಟವಾಯಿತು: ಸಿದ್ದರಾಮಯ್ಯ ಮುಖ್ಯಮಂತ್ರಿ, ಶಿವಕುಮಾರ್ ಉಪ ಮುಖ್ಯಮಂತ್ರಿ. 20ರಂದು ಕಂಠೀರವ ಕ್ರೀಡಾಂಗಣದಲ್ಲಿ ಪ್ರಮಾಣ ವಚನ.

ಪಕ್ಷ ಒಡೆಯಲಿಲ್ಲ, ಸರಕಾರ ನಡೆಯಿತು. ಜೂನ್ 11ರಂದು ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಆರಂಭವಾಯಿತು, ಆಗಸ್ಟ್ 30ರಂದು ತಿಂಗಳಿಗೆ 2,000 ರೂಪಾಯಿಯ ಗೃಹಲಕ್ಷ್ಮಿ. ಈ ಮಟ್ಟಿಗೆ 1969ಕ್ಕಿಂತ ಇದು ಎಷ್ಟೋ ಮೇಲು. ಸೋತವರಿಗೂ ಮರ್ಯಾದೆಯ ಸ್ಥಾನ ಸಿಕ್ಕಿತು. ಆದರೆ ಒಂದು ಗಂಟು ಬಿಚ್ಚದೆ ಉಳಿಯಿತು. ಎರಡೂವರೆ ವರ್ಷದ ನಂತರ ಅಧಿಕಾರ ಹಸ್ತಾಂತರದ ಮಾತು ಆಗಿತ್ತೇ, ಇಲ್ಲವೇ? ಒಬ್ಬರ ಬೆಂಬಲಿಗರು ಆಗಿತ್ತು ಎಂದರು, ಇನ್ನೊಬ್ಬರ ಬೆಂಬಲಿಗರು ಇಲ್ಲ ಎಂದರು. 2025ರ ನವೆಂಬರ್‌ನಲ್ಲಿ ಎರಡೂವರೆ ವರ್ಷ ತುಂಬಿದಾಗ ಈ ಚರ್ಚೆ ಬೀದಿಗೆ ಬಂತು. ವಾರಗಟ್ಟಲೆ ಪತ್ರಿಕೆಗಳ ಮುಖಪುಟದಲ್ಲಿ ಬೇರೆ ಸುದ್ದಿಗೆ ಜಾಗವೇ ಇರಲಿಲ್ಲ. ನಾಯಕರಿಬ್ಬರೂ ಒಬ್ಬರ ಮನೆಗೆ ಇನ್ನೊಬ್ಬರು ಉಪಾಹಾರಕ್ಕೆ ಹೋಗಿ ಒಗ್ಗಟ್ಟು ತೋರಿಸಬೇಕಾಯಿತು.

ಮಾತಿನಲ್ಲಿ ಮುಗಿಸಿದ ಅಧಿಕಾರ ಹಂಚಿಕೆಯ ಕಷ್ಟವನ್ನು ನಾವು ಇದಕ್ಕೂ ಮೊದಲು ಕಂಡಿದ್ದೇವೆ. 2006ರಲ್ಲಿ ಜೆಡಿಎಸ್ ಮತ್ತು ಬಿಜೆಪಿ ತಲಾ 20 ತಿಂಗಳ ಆಡಳಿತಕ್ಕೆ ಒಪ್ಪಿದವು. 2007ರ ಅಕ್ಟೋಬರ್‌ನಲ್ಲಿ ಕುರ್ಚಿ ಬಿಡುವ ಸರದಿ ಬಂದಾಗ ಒಪ್ಪಂದ ಮುರಿಯಿತು. ನವೆಂಬರ್‌ನಲ್ಲಿ ಮುಖ್ಯಮಂತ್ರಿಯಾದ ಯಡಿಯೂರಪ್ಪನವರು ಏಳೇ ದಿನದಲ್ಲಿ ಇಳಿದರು. ಅದು ಎರಡು ಪಕ್ಷಗಳ ನಡುವಿನ ವಿಷಯ, ಇದು ಒಂದೇ ಪಕ್ಷದೊಳಗಿನದು. ಪಾಠ ಮಾತ್ರ ಒಂದೇ. ಸಾಲದ ವ್ಯವಹಾರವನ್ನೂ ಬರೆದಿಡಬೇಕು, ಸಾಕ್ಷಿಗಳಿರಬೇಕು ಎಂಬ ಬೋಧನೆ ಕೇಳಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸೋತವರು ನಡೆದುಕೊಂಡ ರೀತಿ

ಈಗ ದೂರದ ಒಂದು ಉದಾಹರಣೆ. ಅಮೆರಿಕದಲ್ಲಿ ಅಧ್ಯಕ್ಷೀಯ ಅಭ್ಯರ್ಥಿಯನ್ನು ಪಕ್ಷದ ಸಾಮಾನ್ಯ ಮತದಾರರೇ ರಾಜ್ಯ ರಾಜ್ಯಗಳಲ್ಲಿ ಮತ ಹಾಕಿ ಆರಿಸುತ್ತಾರೆ. 2008ರಲ್ಲಿ ಡೆಮಾಕ್ರಟಿಕ್ ಪಕ್ಷದಲ್ಲಿ ಬರಾಕ್ ಒಬಾಮಾ ಮತ್ತು ಹಿಲರಿ ಕ್ಲಿಂಟನ್ ನಡುವೆ ಐದು ತಿಂಗಳು ಪೈಪೋಟಿ ನಡೆಯಿತು. ಇಬ್ಬರಿಗೂ ಸುಮಾರು 1.8 ಕೋಟಿ ಮತಗಳು. ಫ್ಲಾರಿಡಾ ಮತ್ತು ಮಿಶಿಗನ್ ರಾಜ್ಯಗಳು ಪಕ್ಷದ ನಿಯಮ ಮೀರಿ ಬೇಗನೆ ಮತದಾನ ನಡೆಸಿದ್ದರಿಂದ ಅವುಗಳ ಮತವನ್ನು ಎಣಿಸಬೇಕೇ ಬೇಡವೇ ಎಂಬ ಜಗಳ ಎದ್ದಿತು. ಜೊತೆಗೆ ಜನರ ಮತಕ್ಕೆ ಬದ್ಧರಾಗಿರಬೇಕಿಲ್ಲದ ಸುಮಾರು 800 ಮಂದಿ ಪಕ್ಷದ ಪ್ರಮುಖರ ಕೈಯಲ್ಲಿ ಕೊನೆಯ ತೂಕವಿತ್ತು. ಪಕ್ಷದ ನಿಯಮ ಸಮಿತಿ ಮೇ 31ರಂದು ಬಹಿರಂಗವಾಗಿ ಸಭೆ ಸೇರಿ, ಆ ಎರಡು ರಾಜ್ಯಗಳ ಪ್ರತಿನಿಧಿಗಳಿಗೆ ತಲಾ ಅರ್ಧ ಮತ ಎಂದು ತೀರ್ಪು ಕೊಟ್ಟಿತು. ಹಿಲರಿ ಬೆಂಬಲಿಗರು, ಅದರಲ್ಲೂ ಅನೇಕ ಮಹಿಳೆಯರು, ಅಲ್ಲೇ ಕೂಗಿ ಪ್ರತಿಭಟಿಸಿದರು.

ಆದರೂ ಜೂನ್ 7ರಂದು ಹಿಲರಿ ಸೋಲೊಪ್ಪಿಕೊಂಡು ಒಬಾಮಾ ಅವರಿಗೆ ಬೆಂಬಲ ಘೋಷಿಸಿದರು. ಆಗಸ್ಟ್‌ನಲ್ಲಿ ಡೆನ್ವರ್ ಸಮಾವೇಶದಲ್ಲಿ ಒಬಾಮಾ ಅವರನ್ನು ಒಮ್ಮತದಿಂದ ಆರಿಸಬೇಕೆಂದು ಕೋರಿದ್ದೂ ಅವರೇ. ಗೆದ್ದ ಒಬಾಮಾ ಅವರನ್ನು ವಿದೇಶಾಂಗ ಸಚಿವೆಯಾಗಿ ನೇಮಿಸಿದರು. ಜಗಳ ತಣ್ಣಗಾದ ಎಷ್ಟೋ ವರ್ಷದ ಮೇಲೆ, ಇನ್ನೂ ಒಂದು ಕಹಿ ಪೈಪೋಟಿ ಕಂಡ ನಂತರ, 2018ರಲ್ಲಿ ಪಕ್ಷ ನಿಯಮವನ್ನೇ ತಿದ್ದಿತು: ಸ್ಪರ್ಧೆ ಬಿಗಿಯಾಗಿದ್ದರೆ ಆ ಪ್ರಮುಖರು ಮೊದಲ ಸುತ್ತಿನಲ್ಲಿ ಮತ ಹಾಕುವಂತಿಲ್ಲ. ಆಟದ ನಡುವೆ ನಿಯಮ ಬದಲಿಸಿದರೆ ಮೋಸವೆನಿಸುತ್ತದೆ, ಆಟ ಮುಗಿದ ಮೇಲೆ ಮುಂದಿನ ಆಟಕ್ಕಾಗಿ ಬದಲಿಸಿದರೆ ಸುಧಾರಣೆಯೆನಿಸುತ್ತದೆ.

ಹಾಗಾದರೆ ಏನು ಮಾಡಬೇಕು?

ಸಹೋದರಿಯರೇ, ಬಣಗಳಾಗಿ ನಿಂತ ಪಕ್ಷವೊಂದು ಇಂಥ ಪೈಪೋಟಿಯನ್ನು ಬಗೆಹರಿಸಲು ಈ ಮೂರು ಅನುಭವಗಳಿಂದ ನಾಲ್ಕು ಮಾತು ಕಲಿಯಬಹುದು.

ಒಂದು, ಯಾರು ಮತ ಹಾಕಬೇಕು, ಸಮವಾದರೆ ಏನು, ತಕರಾರು ಯಾರು ಕೇಳಬೇಕು ಎಂಬುದು ಹೆಸರುಗಳು ಬರುವ ಮೊದಲೇ ನಿಶ್ಚಯವಾಗಿರಬೇಕು. ಹೆಸರು ಬಂದ ಮೇಲೆ ಪ್ರತಿಯೊಬ್ಬರಿಗೂ ತಮ್ಮವರನ್ನು ಗೆಲ್ಲಿಸುವ ನಿಯಮವೇ ನ್ಯಾಯವಾಗಿ ಕಾಣುತ್ತದೆ.

ಎರಡು, ಮತ ಗುಪ್ತವಾಗಿರಲಿ, ಎಣಿಕೆ ಬಹಿರಂಗವಾಗಿರಲಿ. ಯಾರು ಯಾರಿಗೆ ಹಾಕಿದರು ಎಂಬುದು ಗುಟ್ಟಾಗಿದ್ದರೆ ಮತ ಹಾಕಿದವರಿಗೆ ರಕ್ಷಣೆ. ಎಷ್ಟು ಬಂತು ಎಂಬುದೂ ಗುಟ್ಟಾದರೆ ಸೋತವರು ಯಾವುದನ್ನು ಒಪ್ಪಿಕೊಳ್ಳಬೇಕು? ಮತ ಹಾಕುವವರೂ ಹೆಚ್ಚು ಮಂದಿಯಾಗಬೇಕು. 2023ರಲ್ಲಿ ಗೆದ್ದ ಆ 135 ಕಾಂಗ್ರೆಸ್ ಶಾಸಕರಲ್ಲಿ ಮಹಿಳೆಯರು ನಾಲ್ವರು. ಅವರಲ್ಲೊಬ್ಬರು ಕಲಬುರಗಿ ಉತ್ತರದ ಕನೀಜ್ ಫಾತಿಮಾ. ಲಕ್ಷಾಂತರ ಮಹಿಳೆಯರ ಮತದಿಂದ ಬಂದ ಸರಕಾರದ ನಾಯಕನನ್ನು ಆರಿಸುವಾಗ ಮಹಿಳೆಯರ ದನಿ ಇಷ್ಟೇ!

ಮೂರು, ಕೊಟ್ಟ ಮಾತು ಬರಹದಲ್ಲಿರಲಿ. ಅವಧಿ ಹಂಚಿಕೊಳ್ಳುವುದಾದರೆ ದಿನಾಂಕ ಸಮೇತ ಜನರಿಗೆ ತಿಳಿಸಲಿ. ಹಂಚಿಕೊಳ್ಳುವುದಿಲ್ಲವಾದರೆ ಅದನ್ನೂ ಅಂದೇ ಹೇಳಿಬಿಡಲಿ.

ನಾಲ್ಕು, ಗೆದ್ದವರು ಸೋತವರಿಗೆ ಗೌರವದ ಜಾಗ ಕೊಡಲಿ, ಸೋತವರು ಸಹಿ ಹಾಕಿದ ಮೇಲೆ ಅದಕ್ಕೆ ನಿಷ್ಠರಾಗಿರಲಿ. ಒಪ್ಪಿಗೆಯಿಲ್ಲದಿದ್ದರೆ ಸಹಿ ಹಾಕುವ ಮೊದಲೇ ಹೇಳಲಿ. ಆತ್ಮಸಾಕ್ಷಿಗೆ ಬೆಲೆಯಿದೆ, ಆದರೆ ಅದು ಸಹಿಗೆ ಮುಂಚೆ ಮಾತಾಡಬೇಕು.

ಈ ನಾಲ್ಕು ಮಾತುಗಳು ಪಕ್ಷಗಳಿಗೆ ಮಾತ್ರವೇ? ನಿಮ್ಮ ಬೀದಿಯ ಸ್ವಸಹಾಯ ಸಂಘದಲ್ಲಿ ಅಧ್ಯಕ್ಷೆಯ ಸ್ಥಾನಕ್ಕೆ ಇಬ್ಬರು ಅರ್ಹರು ಇದ್ದಾಗ, ಸರಕಾರಿ ಶಾಲೆಯ ಎಸ್‌ಡಿಎಂಸಿಗೆ ಹೆಸರು ಸೂಚಿಸುವಾಗ, ಮಸೀದಿಯ ಆಡಳಿತ ಸಮಿತಿ ಎರಡು ಗುಂಪಾಗಿ ನಿಂತಾಗ ಇದೇ ಪ್ರಶ್ನೆ ಏಳುತ್ತದೆ. 'ಹೇಗೋ ಸರಿಹೋಗುತ್ತದೆ' ಎಂದು ಕುಳಿತ ಎಷ್ಟೋ ಸಂಘಗಳು ಎರಡಾಗಿವೆ. ಒಂದೇ ಬೀದಿಯ ಮಹಿಳೆಯರು ಪರಸ್ಪರ ಮಾತು ಬಿಟ್ಟಿದ್ದಾರೆ, ಉಳಿತಾಯದ ಹಣ ಬ್ಯಾಂಕಿನಲ್ಲಿ ಸಿಕ್ಕಿಹಾಕಿಕೊಂಡಿದೆ. ಇದರ ನಷ್ಟ ಕುರ್ಚಿಗಾಗಿ ಜಗಳವಾಡಿದ ಇಬ್ಬರಿಗಿಂತ, ತಿಂಗಳು ತಿಂಗಳು ನೂರು ರೂಪಾಯಿ ಕಟ್ಟಿದವರಿಗೇ ಹೆಚ್ಚು.

ಆದ್ದರಿಂದ ಮುಂದಿನ ಸಭೆಗೆ ಹೋಗುವಾಗ ಯಾರ ಪರ ಎಂದು ಯೋಚಿಸುವ ಮೊದಲು ಈ ಮೂರು ಪ್ರಶ್ನೆ ಕೇಳಿ. ಆಯ್ಕೆಯ ನಿಯಮ ಎಲ್ಲಿ ಬರೆದಿದೆ? ಎಣಿಕೆ ಯಾರ ಮುಂದೆ ನಡೆಯುತ್ತದೆ? ಸೋತವರ ಪಾಲಿನ ಕೆಲಸ ಯಾವುದು? ಉತ್ತರ ಸಿಗದಿದ್ದರೆ ಸಭೆಯನ್ನು ಒಂದು ವಾರ ಮುಂದೂಡಲು ಹೇಳಿ. ಮಶ್ವರಾಕ್ಕಾಗಿ ಕಳೆದ ಆ ಒಂದು ವಾರ, ಮುಂದೆ ಜಗಳದಲ್ಲಿ ಕಳೆಯಬಹುದಾದ ವರ್ಷಗಳನ್ನು ಉಳಿಸುತ್ತದೆ.